ಚೀಟಿಯಲ್ಲಿ ನಡಿಗೆ ಬರೆದುಕೊಟ್ಟರೆ ರೋಗಿ ನಡೆಯುತ್ತಾರೆಯೇ?

ತಾಲ್ಲೂಕು ವೈದ್ಯ (ಚರ್ಚೆ ಆರಂಭಿಸಿದವರು)

ನಾನು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಬಹಳ ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿರುವ ಸಾಮಾನ್ಯ ವೈದ್ಯ. ನನ್ನಲ್ಲಿಗೆ ಬರುವವರಲ್ಲಿ ನಲವತ್ತು ದಾಟಿದವರೇ ಹೆಚ್ಚು. ಅವರಲ್ಲಿ ಬಹುಪಾಲು ಜನರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿ ನೋವು ಈ ಮೂರರಲ್ಲಿ ಎರಡಾದರೂ ಇರುತ್ತವೆ. ಇಂಥವರಿಗೆ ಮಾತ್ರೆ ಬರೆದು, ಅವರು ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ ‘ಸ್ವಲ್ಪ ವಾಕಿಂಗ್ ಮಾಡಿ’ ಎಂದು ಹೇಳಿ ಮುಂದಿನವರನ್ನು ಕರೆಯುವುದು ನಮ್ಮ ವೃತ್ತಿಯಲ್ಲಿ ಹಳೆಯ ರೂಢಿ. ಅವರೂ ತಲೆಯಾಡಿಸಿ ಹೋಗುತ್ತಾರೆ. ಮಾತ್ರೆಗಾದರೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟಕ್ಕೆ ಮೊದಲು, ಊಟವಾದ ಮೇಲೆ ಎಂಬ ಲೆಕ್ಕವಿರುತ್ತದೆ. ವ್ಯಾಯಾಮಕ್ಕೆ ಮಾತ್ರ ‘ಸ್ವಲ್ಪ’ ಎಂಬುದೇ ಪ್ರಮಾಣ.

ನ್ಯೂಜಿಲೆಂಡ್‌ನ ಕುಟುಂಬ ವೈದ್ಯರು 1998ರಿಂದ ‘ಗ್ರೀನ್ ಪ್ರಿಸ್ಕ್ರಿಪ್ಷನ್’ ಎಂಬ ಹೆಸರಿನಲ್ಲಿ ವ್ಯಾಯಾಮವನ್ನೂ ಔಷಧದಂತೆಯೇ ಚೀಟಿಯಲ್ಲಿ ಬರೆದುಕೊಡುತ್ತಿದ್ದಾರೆ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿಯವರ ಹೆಸರನ್ನು ಹೊತ್ತಿದ್ದ ಹಿಲರಿ ಆಯೋಗ ಎಂಬ ಅಲ್ಲಿನ ಕ್ರೀಡಾ ಸಂಸ್ಥೆ ಇದನ್ನು ರೂಪಿಸಿತು. ಅದೇ ವರ್ಷ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ ವೈದ್ಯರು ಕೆಲವು ರೋಗಿಗಳಿಗೆ ಬಾಯಲ್ಲಿ ಮಾತ್ರ ಸಲಹೆ ನೀಡಿದರು, ಉಳಿದವರಿಗೆ ಅದೇ ಸಲಹೆಯನ್ನು ಬರೆದೂ ಕೊಟ್ಟರು. ಆರು ವಾರಗಳ ಬಳಿಕ ನೋಡಿದಾಗ ಎರಡೂ ಗುಂಪಿನವರ ಚಟುವಟಿಕೆ ಹೆಚ್ಚಿತ್ತು. ಆದರೆ ಬರಹದ ಚೀಟಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು ಜನರು ಮುಂದುವರಿದಿದ್ದರು.

ಇದನ್ನು ಓದಿದ ಮೇಲೆ ನಾನೂ ಕೆಲವರಿಗೆ ಬರೆದುಕೊಡಲು ಆರಂಭಿಸಿದ್ದೇನೆ. ಒಂದು ಮಾದರಿಯನ್ನು ಇಲ್ಲಿ ಕೊಡುತ್ತೇನೆ: ‘ಮಧ್ಯಾಹ್ನ ಊಟವಾದ ಮೇಲೆ ಅಂಗಡಿ ಮುಂದಿನ ರಸ್ತೆಯಲ್ಲಿ 10 ನಿಮಿಷ. ರಾತ್ರಿ ಊಟವಾದ ಮೇಲೆ ಮನೆಯಿಂದ ರೈಲ್ವೆ ಗೇಟಿನವರೆಗೆ ಹೋಗಿ ಬರುವುದು, 20 ನಿಮಿಷ. ವಾರಕ್ಕೆ 5 ದಿನ. ಜೊತೆಯವರೊಂದಿಗೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಎದೆ ಬಿಗಿದರೆ, ತಲೆ ಸುತ್ತಿದರೆ ನಿಲ್ಲಿಸಿ ಬರುವುದು. ಎರಡು ವಾರ ಬಿಟ್ಟು ತೋರಿಸುವುದು.’ ಇದು ಕೊಬ್ಬರಿ ವ್ಯಾಪಾರ ಮಾಡುವ, ದಿನವಿಡೀ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಒಬ್ಬರಿಗೆ ಬರೆದದ್ದು. ಊಟದ ನಂತರ ಎಂದು ಬರೆಯಲು ಕಾರಣವಿದೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು ಎರಡನೆಯ ಬಗೆಯ ಮಧುಮೇಹವಿರುವ 41 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಯಾವುದೋ ಹೊತ್ತಿನಲ್ಲಿ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ಬಳಿಕ 10 ನಿಮಿಷ ನಡೆದಾಗ ಊಟಾನಂತರದ ಸಕ್ಕರೆ ಸರಾಸರಿ 12 ಪ್ರತಿಶತ ಕಡಿಮೆ ಇತ್ತು. ರಾತ್ರಿ ಊಟದ ನಂತರವಂತೂ 22 ಪ್ರತಿಶತ ಕಡಿಮೆ.

ನನ್ನ ಪ್ರಶ್ನೆ ಇಷ್ಟು. ಇಂತಹ ಚೀಟಿ ನಮ್ಮ ಊರುಗಳಲ್ಲಿ ಕೆಲಸ ಮಾಡುತ್ತದೆಯೇ, ಮಾಡಬೇಕಾದರೆ ಚೀಟಿಯ ಜೊತೆಗೆ ಇನ್ನೇನು ಇರಬೇಕು? ವೈದ್ಯರು ಮಾತ್ರವಲ್ಲ, ರೋಗಿಗಳೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಅರಸೀಕೆರೆ ಮೇಷ್ಟ್ರು

ಡಾಕ್ಟರೇ, ರೋಗಿಯ ಕಡೆಯಿಂದ ನಾನು ಬರೆಯುತ್ತೇನೆ. ನಿವೃತ್ತ ಪ್ರೌಢಶಾಲಾ ಶಿಕ್ಷಕ, ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು, ಮಂಡಿಯೂ ಸವೆದಿದೆ.

ನಮ್ಮ ಜನ ಫೀಸು ಕೊಟ್ಟ ಮೇಲೆ ಕೈಯಲ್ಲಿ ಏನಾದರೂ ಹಿಡಿದುಕೊಂಡು ಹೋಗಬೇಕೆಂದು ಬಯಸುತ್ತಾರೆ. ಇಂಜೆಕ್ಷನ್ ಕೊಡದ ವೈದ್ಯರನ್ನೇ ‘ಏನೂ ಮಾಡಲಿಲ್ಲ’ ಎಂದು ದೂರುವ ಊರಿನಲ್ಲಿ, ಬರೀ ನಡಿಗೆ ಬರೆದುಕೊಟ್ಟರೆ ಆ ಚೀಟಿ ಬಸ್ ನಿಲ್ದಾಣ ತಲುಪುವುದರೊಳಗೆ ಗಾಳಿಗೆ ಹೋಗಿರುತ್ತದೆ. ಇನ್ನು ನಡೆಯುವವರ ಕಥೆ. ಸಂಜೆ ನಮ್ಮ ಕಾಲೇಜು ಮೈದಾನಕ್ಕೆ ಬಂದು ನೋಡಿ: ಒಂದು ಸುತ್ತು ನಡಿಗೆ, ಮೂರು ಸುತ್ತು ರಾಜಕೀಯ, ಕೊನೆಗೆ ಗೇಟಿನ ಬಳಿಯ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ. ವಾಕಿಂಗ್ ಮಾಡಿಯೂ ಸಕ್ಕರೆ ಇಳಿಯಲಿಲ್ಲ ಎಂದು ವೈದ್ಯರ ಮುಂದೆ ಹೇಳುವವರೂ ಇವರೇ.

ತಮಾಷೆ ಅತ್ತ ಇರಲಿ. ನನಗೆ ನಡೆಯಬೇಕೆಂದು ಹೇಳಿದವರು ಅನೇಕರು. ಹೇಗೆ ನಡೆಯಬೇಕೆಂದು ಹೇಳಿದವರು ಯಾರೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿಯೇ ಕೆರೆ ಏರಿಯ ಮೇಲೆ ಹೊರಡುವುದು ನನ್ನ ಕ್ರಮ. ಕೆಲವೊಮ್ಮೆ ಅರ್ಧ ದಾರಿಯಲ್ಲಿ ಕೈ ನಡುಗಿ, ಮೈ ಬೆವರಿ, ಕಣ್ಣು ಕತ್ತಲಿಡುತ್ತದೆ. ವಯಸ್ಸಿನ ನಿಶ್ಶಕ್ತಿ ಎಂದು ಮನೆಯವರು ಹೇಳುತ್ತಾರೆ. ಮಂಡಿ ಸವೆದವರು ನಡೆದರೆ ಇನ್ನಷ್ಟು ಸವೆಯುತ್ತದೆ ಎಂದು ನೆಂಟರು ಹೇಳುತ್ತಾರೆ. ಈ ಎರಡಕ್ಕೂ ಬಲ್ಲವರು ಯಾರಾದರೂ ಉತ್ತರ ಕೊಟ್ಟರೆ, ಆಮೇಲೆ ಚೀಟಿಯ ವಿಚಾರ ಮಾತನಾಡೋಣ.

ಹ್ಯಾಮಿಲ್ಟನ್ ಕನ್ನಡಿಗ

ನಾನು ನ್ಯೂಜಿಲೆಂಡ್‌ನ ವೈಕಾಟೊ ಪ್ರಾಂತ್ಯದ ಹ್ಯಾಮಿಲ್ಟನ್‌ನಲ್ಲಿದ್ದೇನೆ. ನನ್ನ ತಾಯಿ ಇಲ್ಲಿಗೆ ಬಂದು ನೆಲೆಸಿದ ಮೇಲೆ ಕುಟುಂಬ ವೈದ್ಯರ ಕ್ಲಿನಿಕ್ಕಿನ ನರ್ಸ್ ಅವರಿಗೆ ಗ್ರೀನ್ ಪ್ರಿಸ್ಕ್ರಿಪ್ಷನ್ ಕೊಟ್ಟರು. ಆದ್ದರಿಂದ ಹತ್ತಿರದಿಂದ ನೋಡಿದ್ದನ್ನು ಹೇಳಬಲ್ಲೆ.

ಡಾಕ್ಟರು ಚೀಟಿಯ ಬಗ್ಗೆ ಬರೆದಿದ್ದಾರೆ. ಆದರೆ ಇಲ್ಲಿ ಚೀಟಿಯದು ಅತ್ಯಂತ ಚಿಕ್ಕ ಪಾತ್ರ. ವೈದ್ಯರು ಅಥವಾ ನರ್ಸ್ ಬರೆದದ್ದು ಪ್ರಾದೇಶಿಕ ಕ್ರೀಡಾ ಟ್ರಸ್ಟಿಗೆ ಹೋಗುತ್ತದೆ. ನಮ್ಮಲ್ಲಿ ಅದು ಸ್ಪೋರ್ಟ್ ವೈಕಾಟೊ. ಅಲ್ಲಿಂದ ಒಬ್ಬರು ಫೋನ್ ಮಾಡುತ್ತಾರೆ. ಕೆಲವು ತಿಂಗಳುಗಳ ಕಾಲ ಅವರು ಆಗಾಗ ವಿಚಾರಿಸಿಕೊಳ್ಳುತ್ತಾರೆ, ಬೇಕಾದವರನ್ನು ಮುಖತಃ ಭೇಟಿಯಾಗುತ್ತಾರೆ, ಗುಂಪು ತರಗತಿಗಳಿಗೆ ಸೇರಿಸುತ್ತಾರೆ, ಕೊನೆಗೆ ವೈದ್ಯರಿಗೆ ವರದಿ ಕಳುಹಿಸುತ್ತಾರೆ.

ಅಮ್ಮನಿಗೆ ಬಂದ ಮೊದಲ ಕರೆಯಲ್ಲಿ ನಾನೇ ದುಭಾಷಿ. ಕರೆ ಮಾಡಿದಾಕೆ ತೂಕ ಎಷ್ಟು, ಸಕ್ಕರೆ ಎಷ್ಟು ಎಂದು ಕೇಳಲಿಲ್ಲ. ದಿನ ಹೇಗೆ ಕಳೆಯುತ್ತೀರಿ, ಊರಿನಲ್ಲಿದ್ದಾಗ ಎಲ್ಲಿಗೆ ನಡೆದು ಹೋಗುತ್ತಿದ್ದಿರಿ, ಇಲ್ಲಿ ಹೊರಗೆ ಹೋಗಲು ಏನು ಅಡ್ಡಿ ಎಂದು ಕೇಳಿದರು. ಅಮ್ಮ ‘ಚಳಿ, ಮಳೆ, ಗುರುತಿನವರಿಲ್ಲ’ ಎಂದರು. ಈಜುಕೊಳದ ತರಗತಿಯ ಪ್ರಸ್ತಾಪ ಬಂದಾಗ ಅಮ್ಮ ನನ್ನನ್ನು ನೋಡಿದ ನೋಟಕ್ಕೆ ಅನುವಾದ ಬೇಕಿರಲಿಲ್ಲ; ಆಕೆಯೂ ಒತ್ತಾಯಿಸಲಿಲ್ಲ. ಕೊನೆಗೆ ನಿರ್ಧಾರವಾದದ್ದು ಇದು: ಮಳೆಯಿಲ್ಲದ ದಿನ ಮನೆಯ ಹತ್ತಿರದ ವೈಕಾಟೊ ನದಿಯ ಕಾಲುದಾರಿಯಲ್ಲಿ ಎರಡನೆಯ ಬೆಂಚಿನವರೆಗೆ ಹೋಗಿ ಬರುವುದು, ಮಳೆಯ ದಿನ ಮಾಲ್‌ನ ಒಳಗೆ ಅಷ್ಟೇ ಹೊತ್ತು ನಡೆಯುವುದು. ಮುಂದಿನ ಕರೆಯ ಹೊತ್ತಿಗೆ ಅಮ್ಮ ನಾಲ್ಕನೆಯ ಬೆಂಚಿನ ಲೆಕ್ಕ ಹೇಳುತ್ತಿದ್ದರು. ‘ಆ ಹುಡುಗಿ ಫೋನ್ ಮಾಡಿದಾಗ ಇಲ್ಲ ಎನ್ನುವುದಕ್ಕೆ ನಾಚಿಕೆಯಾಗುತ್ತದೆ’ ಎಂಬುದು ಅವರು ಕೊಟ್ಟ ಕಾರಣ. ನನ್ನ ಮಟ್ಟಿಗೆ ಇಡೀ ಯೋಜನೆಯ ಗುಟ್ಟು ಆ ನಾಚಿಕೆಯಲ್ಲಿದೆ.

ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿನಿ

ಹ್ಯಾಮಿಲ್ಟನ್‌ನವರು ಹೇಳಿದ್ದಕ್ಕೆ ಅವರದೇ ಪ್ರಾಂತ್ಯದಿಂದ ಬಂದ ಆಧಾರವಿದೆ. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವನ್ನು ವೈಕಾಟೊದ 42 ಕ್ಲಿನಿಕ್ಕುಗಳಲ್ಲಿ, 40ರಿಂದ 79 ವರ್ಷದ 878 ಜನರ ಮೇಲೆ ನಡೆಸಲಾಯಿತು. ಎಲ್ಲರೂ ಅಷ್ಟಾಗಿ ಚಟುವಟಿಕೆಯಿಲ್ಲದವರು. ಚೀಟಿಯ ಜೊತೆಗೆ ಮೂರು ತಿಂಗಳ ಅವಧಿಯಲ್ಲಿ ಕನಿಷ್ಠ ಮೂರು ಫೋನ್ ಕರೆಗಳೂ ಇದ್ದವು. ಒಂದು ವರ್ಷದ ನಂತರ ವಾರಕ್ಕೆ ಎರಡೂವರೆ ಗಂಟೆಯ ಚಟುವಟಿಕೆಯ ಮಟ್ಟಕ್ಕೆ ಹೊಸದಾಗಿ ಏರಿದವರು ಚೀಟಿ ಪಡೆದ ಗುಂಪಿನಲ್ಲಿ 14.6 ಪ್ರತಿಶತ, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 4.9 ಪ್ರತಿಶತ. ಅಂದರೆ ಸುಮಾರು ಹತ್ತು ಜನರಿಗೆ ಬರೆದುಕೊಟ್ಟರೆ ಒಬ್ಬರು ಹೆಚ್ಚುವರಿಯಾಗಿ ಆ ಮಟ್ಟ ತಲುಪಿ ಒಂದು ವರ್ಷದ ತನಕ ಉಳಿಯುತ್ತಾರೆ. ಹತ್ತಕ್ಕೆ ಒಬ್ಬರೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ನಾವು ದಿನನಿತ್ಯ ಬರೆಯುವ ಹಲವು ತಡೆಗಟ್ಟುವ ಮಾತ್ರೆಗಳ ಲೆಕ್ಕ ಇದಕ್ಕಿಂತ ಬಹಳ ಕಳಪೆ.

ಬ್ರಿಟನ್ನಿನಲ್ಲಿ ದಾರಿ ಬೇರೆಯಾಗಿತ್ತು. 1990ರಲ್ಲಿ ಈಸ್ಟ್ ಸಸೆಕ್ಸ್‌ನ ಹೇಲ್‌ಶಮ್ ಎಂಬ ಪಟ್ಟಣದಲ್ಲಿ ಆರಂಭವಾದ ಮಾದರಿಯಲ್ಲಿ ವೈದ್ಯರು ರೋಗಿಯನ್ನು ವ್ಯಾಯಾಮ ಕೇಂದ್ರಕ್ಕೆ ಕಳುಹಿಸಿಕೊಡುತ್ತಿದ್ದರು, ಅಲ್ಲಿ ಕೆಲವು ವಾರಗಳ ತರಬೇತಿ ಇರುತ್ತಿತ್ತು. ಇದು ದೇಶದ ತುಂಬ ಹಬ್ಬಿತು. ಆದರೆ 2011ರ ಒಂದು ಪರಾಮರ್ಶೆಯಲ್ಲಿ ಇದರ ಪರವಾದ ಆಧಾರ ದುರ್ಬಲವೆಂದು ಕಂಡುಬಂತು. 2014ರಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ಹೊರಡಿಸುವ ಅಲ್ಲಿನ ನೈಸ್ ಸಂಸ್ಥೆ, ಚಟುವಟಿಕೆಯಿಲ್ಲ ಎಂಬುದನ್ನು ಬಿಟ್ಟರೆ ಬೇರೆ ತೊಂದರೆಯಿಲ್ಲದವರನ್ನು ಹೀಗೆ ಕಳುಹಿಸಲು ಸರ್ಕಾರಿ ಹಣ ವೆಚ್ಚ ಮಾಡಬಾರದೆಂದು ಹೇಳಿತು. ಜಿಮ್ಮಿನಲ್ಲಿ ಕೆಲವು ವಾರ ಕಳೆದವರು ಅದು ಮುಗಿದ ಮೇಲೆ ಮನೆಯ ಸೋಫಾಕ್ಕೆ ಮರಳಿದರೆ ಆಶ್ಚರ್ಯವಿಲ್ಲ. ಸ್ವೀಡನ್ನಿನಲ್ಲಿ 2001ರಿಂದ ಇರುವ ವ್ಯವಸ್ಥೆಯಲ್ಲಿ ವೈದ್ಯರಷ್ಟೇ ಅಲ್ಲದೆ ನರ್ಸ್, ಫಿಸಿಯೋಥೆರಪಿಸ್ಟ್ ಮೊದಲಾದ ನೋಂದಾಯಿತ ಸಿಬ್ಬಂದಿಯೂ ಬರೆದುಕೊಡಬಹುದು.

ನಮಗೆ ಇವೆಲ್ಲಕ್ಕಿಂತ ಹತ್ತಿರದ್ದು ಚೆನ್ನೈ. 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಗಮನಿಸಲಾಯಿತು. ಮೂರು ವರ್ಷಗಳಲ್ಲಿ ಸಾಮಾನ್ಯ ಸಲಹೆಯ ಗುಂಪಿನ 55 ಪ್ರತಿಶತ ಜನರಿಗೆ ಕಾಯಿಲೆ ಬಂತು. ಆಹಾರ ಮತ್ತು ನಡಿಗೆಯ ಕ್ರಮ ಪಾಲಿಸಿದ ಗುಂಪಿನಲ್ಲಿ 39.3 ಪ್ರತಿಶತ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಗುಂಪಿನಲ್ಲಿ 40.5 ಪ್ರತಿಶತ. ಎರಡನ್ನೂ ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಅಲ್ಲಿಯೂ ಪ್ರತಿ ತಿಂಗಳು ಫೋನ್ ಕರೆ ಇತ್ತು ಎಂಬುದನ್ನು ಗಮನಿಸಬೇಕು. ಎಲ್ಲಿ ಹಿಂದಿನಿಂದ ವಿಚಾರಿಸುವವರಿದ್ದರೋ ಅಲ್ಲಿ ಫಲ ಕಂಡಿದೆ.

ಗದಗಿನ ಗೃಹಿಣಿ

ಇಲ್ಲಿಯವರೆಗಿನ ಮಾತಿನಲ್ಲಿ ಮೈದಾನ, ಕೆರೆ ಏರಿ, ನದಿಯ ದಾರಿ ಎಲ್ಲವೂ ಬಂದವು; ಮನೆಯೊಳಗಿನ ಹೊತ್ತು ಯಾರದು ಎಂಬ ಪ್ರಶ್ನೆ ಬರಲಿಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದ ವಯಸ್ಕ ಹೆಂಗಸರಲ್ಲಿ 57 ಪ್ರತಿಶತ, ಗಂಡಸರಲ್ಲಿ 42 ಪ್ರತಿಶತ ಜನರಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಇದನ್ನು ಓದಿದವರು ಹೆಂಗಸರು ಸೋಮಾರಿಗಳೆಂದು ತಿಳಿಯದಿದ್ದರೆ ಸಾಕು.

ವೈದ್ಯರು ನನಗೆ ಬೆಳಗಿನ ಜಾವದ ನಡಿಗೆ ಹೇಳಿದರು. ನಮ್ಮ ಓಣಿಯಲ್ಲಿ ನಳದ ನೀರು ಬರುವುದು ದಿನ ಬಿಟ್ಟು ದಿನವಲ್ಲ, ವಾರ ಬಿಟ್ಟು ವಾರ. ಬಂದರೆ ಬೆಳಗಿನ ಜಾವವೇ ಬರುತ್ತದೆ. ಅದರ ಜೊತೆಗೆ ಹಾಲು, ಬುತ್ತಿ, ಶಾಲೆಯ ಆಟೋ. ಸಂಜೆ ಹೊರಟರೆ ಬೀದಿ ನಾಯಿಗಳು, ಎದುರು ಮನೆಯವರ ‘ಎಲ್ಲಿಗೆ ಹೊಂಟ್ರಿ?’ ಎಂಬ ಪ್ರಶ್ನೆ. ದಿನವಿಡೀ ನಿಂತೇ ಇರುತ್ತೇವೆ, ಆದರೂ ಉಸಿರು ಏರುವಂತಹ ಕೆಲಸ ಈಗ ಮನೆಗಳಲ್ಲಿ ಕಡಿಮೆ. ಮಿಕ್ಸಿ ಬಂತು, ವಾಷಿಂಗ್ ಮೆಷಿನ್ ಬಂತು. ಆದ್ದರಿಂದ ‘ಮನೆಗೆಲಸವೇ ವ್ಯಾಯಾಮ’ ಎಂದು ಸಮಾಧಾನ ಹೇಳುವವರನ್ನು ನಾನು ಒಪ್ಪುವುದಿಲ್ಲ. ಹಾಗೆಂದು ಹೆಚ್ಚಿನ ಅರ್ಧ ಗಂಟೆ ಎಲ್ಲಿಂದ ತರುವುದು?

ಚೀಟಿಯ ವಿಷಯದಲ್ಲಿ ನನ್ನದು ಮೇಷ್ಟ್ರಿಗೆ ವಿರುದ್ಧವಾದ ಅನುಭವ. ನನಗೆ ಬಾಯಲ್ಲಿ ಹೇಳಿದಾಗ ಮನೆಯಲ್ಲಿ ಅದಕ್ಕೆ ಬೆಲೆ ಬರಲಿಲ್ಲ. ಆಮೇಲೆ ನಾನೇ ಕೇಳಿ, ಮಾತ್ರೆಯ ಚೀಟಿಯಲ್ಲಿಯೇ ‘ಸಂಜೆ 6ರಿಂದ 6:30, ದಿನಾ ನಡಿಗೆ, ತಪ್ಪಿಸಬಾರದು’ ಎಂದು ಬರೆಸಿಕೊಂಡು ಬಂದೆ. ನಮ್ಮ ಅತ್ತೆಯವರು ಅದನ್ನು ಓದಿಸಿಕೊಂಡು ಕೇಳಿ, ಆ ಹೊತ್ತಿನಲ್ಲಿ ಚಹಾ ತಾವೇ ಮಾಡುತ್ತೇನೆಂದರು. ಹೋಗುತ್ತೇನೆ ಎಂದು ನಾನು ಹೇಳಿದರೆ ಅದು ತಿರುಗಾಟ; ಡಾಕ್ಟರು ಬರೆದರೆ ಚಿಕಿತ್ಸೆ. ಆ ಕಾಗದ ಕೆಲಸ ಮಾಡಿದ್ದು ನನ್ನ ಮೇಲಲ್ಲ, ನನ್ನ ಮನೆಯವರ ಮೇಲೆ. ಆದ್ದರಿಂದ ಡಾಕ್ಟರಲ್ಲಿ ನನ್ನ ವಿನಂತಿ: ಹೆಂಗಸರಿಗೆ ಬರೆಯುವಾಗ ಯಾವ ಹೊತ್ತು ಎಂಬುದನ್ನು ಅವರನ್ನೇ ಕೇಳಿ ಬರೆಯಿರಿ, ಜೊತೆಗೆ ಗಂಡ ಬಂದಿದ್ದರೆ ಅವರ ಎದುರಿಗೇ ಓದಿ ಹೇಳಿರಿ.

ಸಾಗರದ ಅಡಿಕೆ ಬೆಳೆಗಾರ

ತೋಟದಲ್ಲಿ ದುಡಿಯುವವನಿಗೆ ವಾಕಿಂಗ್ ಬರೆದುಕೊಡುವ ವೈದ್ಯರೂ ಇದ್ದಾರೆ, ಅದಕ್ಕೇನು ಹೇಳುತ್ತೀರಿ? ದಿನವಿಡೀ ಮಣ್ಣು ಹೊತ್ತವರು ಸಂಜೆ ಶೂ ಹಾಕಿಕೊಂಡು ರಸ್ತೆಯಲ್ಲಿ ನಡೆಯಬೇಕೇ? ಮೊದಲು ವೈದ್ಯರು ತಮ್ಮ ಹೊಟ್ಟೆ ಕರಗಿಸಲಿ, ಆಮೇಲೆ ಚೀಟಿ ಬರೆಯಲಿ.

ಉಪಕೇಂದ್ರದ ಸಿಎಚ್‌ಒ

ಅಡಿಕೆ ಬೆಳೆಗಾರರ ಮೊದಲ ಮಾತು ಸರಿ, ಎರಡನೆಯದಕ್ಕೆ ವೈದ್ಯರೇ ಉತ್ತರಿಸಲಿ. ಚೆನ್ನೈನ ಆ ಅಧ್ಯಯನದಲ್ಲಿಯೂ ಮೈಮುರಿದು ದುಡಿಯುವವರಿಗೆ, ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ನಡೆಯುವ ಅಥವಾ ಸೈಕಲ್ ತುಳಿಯುವವರಿಗೆ ಇದ್ದುದನ್ನೇ ಮುಂದುವರಿಸಲು ಹೇಳಲಾಗಿತ್ತು. ಮೊದಲು ಕೇಳಬೇಕು, ಆಮೇಲೆ ಬರೆಯಬೇಕು. ಆದರೆ ತೋಟದ ಯಜಮಾನರೆಲ್ಲ ಮಣ್ಣು ಹೊರುವುದಿಲ್ಲ ಎಂಬುದೂ ನಮಗೆ ಗೊತ್ತಿದೆ. ಟಿಲ್ಲರ್ ಓಡಿಸುವವರು, ತೋಟದ ಬೇಲಿಯವರೆಗೂ ಬೈಕಿನಲ್ಲಿ ಹೋಗುವವರು ಬಹಳ ಮಂದಿ.

ನಾನು ಒಂದು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಅಂದರೆ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ, ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ). ನಮ್ಮ ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದ ಪ್ರತಿಯೊಬ್ಬರ ಮನೆಗೆ ಹೋಗಿ ಸಿಬ್ಯಾಕ್ ಎಂಬ ನಮೂನೆ ತುಂಬುತ್ತಾರೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ಮನೆತನದಲ್ಲಿ ಕಾಯಿಲೆ ಇವುಗಳ ಜೊತೆಗೆ ‘ವಾರಕ್ಕೆ ಕನಿಷ್ಠ 150 ನಿಮಿಷ ದೈಹಿಕ ಚಟುವಟಿಕೆ ಮಾಡುತ್ತೀರಾ?’ ಎಂಬ ಪ್ರಶ್ನೆಯೂ ಅದರಲ್ಲಿದೆ. ಹೌದೆಂದರೆ ಸೊನ್ನೆ, ಇಲ್ಲವೆಂದರೆ ಒಂದು ಅಂಕ. ಒಟ್ಟು ಅಂಕ ನಾಲ್ಕನ್ನು ಮೀರಿದರೆ ಅವರನ್ನು ಮೊದಲು ತಪಾಸಣೆಗೆ ಕರೆಯುತ್ತೇವೆ, ರಕ್ತದೊತ್ತಡ ಮತ್ತು ಸಕ್ಕರೆ ನೋಡುತ್ತೇವೆ, ಹೆಚ್ಚಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತೇವೆ. ಅಲ್ಲಿಂದ ಮಾತ್ರೆಯ ದಾರಿ ಸ್ಪಷ್ಟವಾಗಿದೆ. ತಿಂಗಳಿಗೊಮ್ಮೆ ಮಾತ್ರೆ ಕೊಡುತ್ತೇವೆ, ಬಾರದವರ ಮನೆಗೆ ಆಶಾ ಹೋಗುತ್ತಾರೆ, 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಂತೂ ತಪಾಸಣೆಯೇ ಮನೆ ಬಾಗಿಲಿಗೆ ಹೋಗುತ್ತದೆ. ಆದರೆ ಆ 150 ನಿಮಿಷದ ಪ್ರಶ್ನೆಗೆ ‘ಇಲ್ಲ’ ಎಂದ ವ್ಯಕ್ತಿಗೆ ಏನು ಮಾಡಬೇಕು? ಅಂಕ ಒಂದು ಎಂದು ಬರೆಯುತ್ತೇವೆ, ಮುಂದಿನ ಸಾಲಿಗೆ ಹೋಗುತ್ತೇವೆ.

ಅಂದರೆ ನ್ಯೂಜಿಲೆಂಡ್‌ನವರು ಫೋನ್ ಮಾಡಲು ಒಬ್ಬರನ್ನು ನೇಮಿಸಿಕೊಂಡರು; ನಮ್ಮಲ್ಲಿ ಮನೆ ಬಾಗಿಲಿಗೇ ಹೋಗುವವರು ಆಗಲೇ ಇದ್ದಾರೆ, ಪ್ರಶ್ನೆಯನ್ನೂ ಕೇಳುತ್ತಿದ್ದಾರೆ, ಉತ್ತರದ ನಂತರದ ಹೆಜ್ಜೆಯೊಂದೇ ಇಲ್ಲ. ಹಾಗೆಂದು ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿ ಎಂದು ನಾನು ಹೇಳುವುದಿಲ್ಲ. ಗರ್ಭಿಣಿಯರ ಭೇಟಿ, ಲಸಿಕೆ, ಸಮೀಕ್ಷೆಗಳ ನಡುವೆ ಅವರು ಬಸವಳಿದಿದ್ದಾರೆ, ಗೌರವಧನಕ್ಕಾಗಿ ಬೀದಿಗಿಳಿಯಬೇಕಾದ ಸ್ಥಿತಿ ಇದೆ. ಮಾತ್ರೆ ಕೊಡುವ ದಿನ ನಮ್ಮಲ್ಲಿಗೆ ಹೇಗೂ ಬರುವ ರೋಗಿಯನ್ನು ನಾನೇ ‘ಕಳೆದ ವಾರ ಎಷ್ಟು ದಿನ ನಡೆದಿರಿ?’ ಎಂದು ಕೇಳಿ, ಕಾರ್ಡಿನಲ್ಲಿ ಸಕ್ಕರೆಯ ಅಂಕೆಯ ಪಕ್ಕದಲ್ಲಿ ಆ ಅಂಕೆಯನ್ನೂ ಬರೆಯಬಹುದು. ಅದಕ್ಕೆ ಕಾರ್ಡಿನಲ್ಲಿ ಒಂದು ಅಂಕಣ ಬೇಕು, ಅಷ್ಟೆ.

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್

ಮೇಷ್ಟ್ರ ಪ್ರಶ್ನೆಗೆ ಇಷ್ಟು ಹೊತ್ತು ಯಾರೂ ಉತ್ತರಿಸದಿರುವುದು ಸರಿಯಲ್ಲ, ಏಕೆಂದರೆ ಈ ಚರ್ಚೆಯಲ್ಲಿ ತುರ್ತಾದದ್ದು ಅದೇ.

ಮೇಷ್ಟ್ರೇ, ನೀವು ವಿವರಿಸಿದ ನಡುಕ, ಬೆವರು, ಕಣ್ಣು ಕತ್ತಲಿಡುವುದು ವಯಸ್ಸಿನ ನಿಶ್ಶಕ್ತಿ ಆಗಿರಲಿಕ್ಕಿಲ್ಲ. ಸಕ್ಕರೆ ಮಿತಿಮೀರಿ ಇಳಿದಾಗ ಹೀಗೆಯೇ ಆಗುತ್ತದೆ. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಗಳು ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂದು ನೋಡದೆ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ, ನಡಿಗೆಯೂ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ. ಎರಡೂ ಸೇರಿದರೆ ಕೆರೆ ಏರಿಯ ಮೇಲೆ ಕುಸಿದು ಬೀಳುವ ಅಪಾಯವಿದೆ. ಆ ಮಾತ್ರೆಯನ್ನು ದಿನದ ಮೊದಲ ಆಹಾರದ ಜೊತೆಗೆ ತೆಗೆದುಕೊಳ್ಳಬೇಕು. ಇಂದೇ ನಿಮ್ಮ ವೈದ್ಯರಿಗೆ ಇದನ್ನು ತಿಳಿಸಿ, ಪ್ರಮಾಣ ಬದಲಿಸಬೇಕೇ ಎಂಬುದನ್ನು ಅವರೇ ನಿರ್ಧರಿಸಲಿ, ನೀವಾಗಿ ನಿಲ್ಲಿಸಬೇಡಿ. ಅಲ್ಲಿಯವರೆಗೆ ತಿಂಡಿಯಾದ ಮೇಲೆ ನಡೆಯಿರಿ, ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಎಚ್ಚರಿಕೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ.

ಮಂಡಿಯ ವಿಷಯ. ನಡೆದರೆ ಮಂಡಿ ಸವೆಯುತ್ತದೆ ಎಂಬ ಭಯದಿಂದ ಕುಳಿತವರ ತೊಡೆಯ ಸ್ನಾಯು ಕೃಶವಾಗುತ್ತದೆ, ಆಗ ಕೀಲಿನ ಮೇಲಿನ ಭಾರ ಹೆಚ್ಚುತ್ತದೆ, ನೋವೂ ಹೆಚ್ಚುತ್ತದೆ. ಆದ್ದರಿಂದ ನಡಿಗೆಯ ಮೊದಲು ತೊಡೆಗೆ ಬಲ ಬರಬೇಕು. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ, ತಗ್ಗಾಗಿದ್ದರೆ ಒಂದು ದಿಂಬು ಹಾಕಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನಿಧಾನವಾಗಿ ಎದ್ದು ನಿಲ್ಲಿ, ಅದಕ್ಕಿಂತ ನಿಧಾನವಾಗಿ ಕುಳಿತುಕೊಳ್ಳಿ, ಧೊಪ್ಪನೆ ಕೂರಬಾರದು. ಹತ್ತು ಬಾರಿ, ನಡುವೆ ವಿಶ್ರಾಂತಿ, ಮತ್ತೆ ಹತ್ತು. ವಾರಕ್ಕೆ ಎರಡು ಮೂರು ದಿನ ಸಾಕು. ಮಾಡುವಾಗ ಸಹಿಸುವಷ್ಟು ನೋವು ಬಂದು ಮರುದಿನಕ್ಕೆ ಇಳಿದರೆ ಚಿಂತೆಯಿಲ್ಲ. ಮರುದಿನ ಮಂಡಿ ಊದಿಕೊಂಡರೆ ಅಥವಾ ನೋವು ಹೆಚ್ಚಾದರೆ ಅರ್ಧಕ್ಕೆ ಇಳಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆಯ ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆನ್ನುತ್ತದೆ. ನಮ್ಮ ವೈದ್ಯರ ಚೀಟಿಗಳಲ್ಲಿ ಈ ಎರಡನೆಯ ಭಾಗ ಕಾಣುವುದೇ ಇಲ್ಲ.

ಬರೆದುಕೊಡುವವರಿಗೆ ಒಂದೆರಡು ಮಾತು. ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ತೆಗೆದುಕೊಳ್ಳುವವರಿಗೆ ನಾಡಿಬಡಿತದ ಗುರಿ ಕೊಡಬೇಡಿ, ಆ ಮಾತ್ರೆಗಳು ನಾಡಿಯನ್ನೇ ತಗ್ಗಿಸುತ್ತವೆ; ಡಾಕ್ಟರು ಬರೆದಂತೆ ಮಾತು ಮತ್ತು ಹಾಡಿನ ಪರೀಕ್ಷೆಯೇ ಒಳ್ಳೆಯದು. ಪಾದ ಜೋಮು ಹಿಡಿದಿರುವ ಸಕ್ಕರೆ ರೋಗಿಗೆ ಬರೆಯುವ ಮೊದಲು ಚಪ್ಪಲಿ ಬಿಡಿಸಿ ಪಾದ ನೋಡಿ. ಇಂಥವರು ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕುವುದನ್ನೇ ವ್ಯಾಯಾಮವೆಂದು ಭಾವಿಸಿ, ಬಿಸಿಲಿಗೆ ಕಾದ ಕಲ್ಲು ಹಾಸಿನ ಮೇಲೆ ನಡೆದು, ಬೊಬ್ಬೆ ಎದ್ದುದೂ ತಿಳಿಯದೆ ಹುಣ್ಣು ಮಾಡಿಕೊಂಡು ಬರುವುದನ್ನು ನಾನು ಪದೇ ಪದೇ ನೋಡುತ್ತೇನೆ.

ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿನಿ

ಫಿಸಿಯೋ ಅವರ ಎಚ್ಚರಿಕೆಗೆ ಪೂರಕವಾದ ಒಂದು ಅಂಶ: ನ್ಯೂಜಿಲೆಂಡ್‌ನಲ್ಲಿಯೇ 40ರಿಂದ 74 ವರ್ಷದ 1089 ಮಹಿಳೆಯರ ಮೇಲೆ ನರ್ಸುಗಳ ಮೂಲಕ ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷಗಳ ನಂತರವೂ ಚಟುವಟಿಕೆ ಹೆಚ್ಚೇ ಇತ್ತು, ಆದರೆ ಬೀಳುವುದು ಮತ್ತು ಗಾಯಗಳು ಕೂಡ ಆ ಗುಂಪಿನಲ್ಲಿ ಹೆಚ್ಚು ವರದಿಯಾದವು. ಔಷಧವೆಂದು ಬರೆದ ಮೇಲೆ ಅಡ್ಡ ಪರಿಣಾಮವನ್ನೂ ಹೇಳಬೇಕಾಗುತ್ತದೆ.

ತಾಲ್ಲೂಕು ವೈದ್ಯ

ಎಲ್ಲರಿಗೂ ವಂದನೆ. ಸಾಗರದವರೇ, ನನ್ನ ಹೊಟ್ಟೆಯ ಬಗ್ಗೆ ನನ್ನ ಮನೆಯವರದೂ ಅದೇ ಅಭಿಪ್ರಾಯ. ಮೇಷ್ಟ್ರೇ, ನೀವು ಮೊದಲು ಗ್ಲುಕೋಮೀಟರಿನಲ್ಲಿ ಆ ಹೊತ್ತಿನ ಸಕ್ಕರೆ ನೋಡಿಸಿ, ಉಳಿದದ್ದೆಲ್ಲ ಆಮೇಲೆ.

ವೈದ್ಯರ ಸಮಯದ ಅಡಚಣೆಯನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಾಮರ್ಶೆಯಲ್ಲಿ ಸ್ವೀಡನ್ನಿನ ವೈದ್ಯರು ಒಬ್ಬ ರೋಗಿಗೆ ಸರಾಸರಿ 22 ನಿಮಿಷಕ್ಕೂ ಹೆಚ್ಚು ಕೊಡುತ್ತಾರೆ, ಭಾರತದಲ್ಲಿ ಅದು ಸುಮಾರು 2 ನಿಮಿಷ. ನನ್ನ ಕ್ಲಿನಿಕ್ಕಿನಲ್ಲಿ ಸಂತೆಯ ದಿನ ಅದೂ ಸಿಗುವುದಿಲ್ಲ. ಗದಗಿನ ತಾಯಿಯವರು ಹೇಳಿದಂತೆ ಹೊತ್ತು ಕೇಳಿ, ಫಿಸಿಯೋ ಅವರು ಹೇಳಿದಂತೆ ಪಾದ ನೋಡಿ, ಸಿಎಚ್‌ಒ ಅವರು ಹೇಳಿದಂತೆ ದುಡಿಮೆ ವಿಚಾರಿಸಿ ಬರೆಯಬೇಕಾದರೆ ಎಲ್ಲರಿಗೂ ಬರೆಯಲಾಗದು. ಆದ್ದರಿಂದ ಹೊಸದಾಗಿ ಸಕ್ಕರೆ ಪತ್ತೆಯಾದವರು, ಅದರಲ್ಲಿಯೂ ಕುಳಿತು ಕೆಲಸ ಮಾಡುವವರು, ಇವರಿಂದ ಮಾತ್ರ ಆರಂಭಿಸುತ್ತೇನೆ. ರಕ್ತ ಪರೀಕ್ಷೆಯ ವರದಿ ಹಿಡಿದು ಹೇಗೂ ಎರಡನೆಯ ಸಲ ಬರುವ ಅವರಿಗೆ ಮಧ್ಯಾಹ್ನ, ಜನ ಕಡಿಮೆಯಿರುವ ಹೊತ್ತಿಗೆ ಬರಲು ಹೇಳುತ್ತೇನೆ. ಕ್ಲಿನಿಕ್ಕಿನ ನರ್ಸ್ ಒಪ್ಪಿದ್ದಾರೆ, ವಾರಕ್ಕೊಂದು ಮಧ್ಯಾಹ್ನ ಅವರೇ ಫೋನ್ ಮಾಡುತ್ತಾರೆ. ಅದಕ್ಕೆ ಅವರ ಸಂಬಳದಲ್ಲಿ ಸ್ವಲ್ಪ ಸೇರಿಸುತ್ತೇನೆ, ರೋಗಿಯಿಂದ ಪ್ರತ್ಯೇಕ ಫೀಸು ಪಡೆಯುವುದಿಲ್ಲ. ವಾಟ್ಸ್‌ಆಪ್ ಗುಂಪು ಮಾಡಿ ಎಂದು ಮಗ ಸೂಚಿಸಿದ. ಎರಡು ದಿನದಲ್ಲಿ ಅದು ಶುಭೋದಯದ ಹೂವಿನ ಚಿತ್ರಗಳಿಂದ ತುಂಬುತ್ತದೆ ಎಂದು ಬಿಟ್ಟಿದ್ದೇನೆ.

ವಿದ್ಯಾರ್ಥಿನಿಯವರಲ್ಲಿ ಒಂದು ಪ್ರಶ್ನೆ: ಏನನ್ನು ಬರೆದಿಟ್ಟುಕೊಂಡರೆ ಇದು ಕೆಲಸ ಮಾಡಿತೋ ಇಲ್ಲವೋ ತಿಳಿಯುತ್ತದೆ?

ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿನಿ

ಸರ್, ಆರಂಭದ ದಿನ ವಾರಕ್ಕೆ ಎಷ್ಟು ನಿಮಿಷ ಎಂಬುದನ್ನು ಬರೆದುಕೊಳ್ಳಿ, ಅದೇ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಮೂರು ತಿಂಗಳಿಗೆ ಮತ್ತು ಒಂದು ವರ್ಷಕ್ಕೆ ಕೇಳಿ. ಫೋನಿಗೆ ಸಿಗದವರನ್ನು ಲೆಕ್ಕದಿಂದ ತೆಗೆಯಬೇಡಿ, ನಡೆಯದವರೆಂದೇ ಎಣಿಸಿ. ಬಿದ್ದವರು, ಸಕ್ಕರೆ ಮಿತಿಮೀರಿ ಇಳಿದವರು ಎಷ್ಟೆಂದೂ ಬರೆಯಿರಿ. ಮೂರು ತಿಂಗಳಿಗೆ ಸಕ್ಕರೆಯ ಅಂಕೆ ಇಳಿಯಲಿಲ್ಲವೆಂದು ಮಾತ್ರ ಕೈಬಿಡಬೇಡಿ. 2003ರ ವೈಕಾಟೊ ಅಧ್ಯಯನದಲ್ಲಿ ಒಂದು ವರ್ಷದ ಬಳಿಕವೂ ಹೃದ್ರೋಗದ ಅಪಾಯದ ಅಂದಾಜಿನಲ್ಲಿ ಗಣನೀಯ ವ್ಯತ್ಯಾಸ ಕಂಡಿರಲಿಲ್ಲ. ಆದರೆ ಮೈಕೈ ನೋವು ಕಡಿಮೆಯಾಗಿದೆ, ಚೈತನ್ಯ ಹೆಚ್ಚಿದೆ ಎಂದು ಚೀಟಿ ಪಡೆದವರು ಇತರರಿಗಿಂತ ಸ್ಪಷ್ಟವಾಗಿ ಹೇಳಿದ್ದರು. ನಿಮ್ಮ ನರ್ಸ್ ಫೋನಿನಲ್ಲಿ ಅದನ್ನೂ ಕೇಳಲಿ.